ಹಿರೇಹಡಗಲಿಯ ಕಣ್ಣವ್ವ

ನಮ್ಮ ಯಜಮಾನರಿಗೆ ಸಾರಿನಲ್ಲಿ ಉಪ್ಪಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಆದರೆ ಯಾವ ಲೆನ್ಸಿನ ಯಾವ ಮೂಲೆಯಲ್ಲಿ ಕೂದಲೆಳೆಯಷ್ಟು ಗೀರಿದೆ ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಹಿಂದೆ ಅವರ ಸ್ಟುಡಿಯೋ, ಅದರ ಹಿಂಬದಿಗೇ ನಮ್ಮ ಮನೆ. ಹೊರಗೆ ‘ಉಚ್ಚಂಗೆಪ್ಪ ಫೋಟೋ ಸ್ಟುಡಿಯೋ’ ಎಂಬ ಬೋರ್ಡು, ಒಳಗೆ ಗೋಡೆ ತುಂಬ ಕ್ಯಾಮೆರಾ. ದುಡಿಯುವುದು ಮಾತ್ರ ಒಂದೇ ಒಂದು ಯಾಷಿಕಾ. ಉಳಿದವೆಲ್ಲ ಪಿಂಚಣಿ ಮೇಲೆ ಇರುವಂಥವು. ಹಾರ್ಮೋನಿಯಂನಂಥ ತಿದಿ ಹರಿದವು, ಶಟರು ಕೆಟ್ಟವು, ಡಬ್ಬಿಯಂಥವು, ಮಡಚಿದರೆ ತೆರೆಯದವು, ತೆರೆದರೆ ಮಡಚದವು. ಭಾನುವಾರ ಬಂದರೆ ಸಾಕು, ಚಾಪೆ ಹಾಸಿ ಒಂದೊಂದನ್ನೂ ಬಿಚ್ಚಿ, ಒರೆಸಿ, ಕಿವಿಯ ಹತ್ತಿರ ಹಿಡಿದು ಕಟ್ ಎನಿಸಿ, ಮತ್ತೆ ಅದರ ಜಾಗಕ್ಕೆ ಇಡುತ್ತಾರೆ.

“ಎಲ್ಲಾರ್ದು ಎಣ್ಣಿ ನೀರು ಆತೇನ್ರಿ?” ಎಂದು ನಾನು ಒಳಗಿನಿಂದ ಕೂಗುತ್ತೇನೆ.

“ಇನ್ನೊಬ್ಬರ್ದು ಐತಿ ಕನಕಾ, ತಡಿ” ಎನ್ನುತ್ತಾರೆ. ಸ್ವಲ್ಪವಾದರೂ ನಾಚಿಕೆ ಬೇಡವೇ?

ಎಪ್ಪತ್ತೆಂಟನೇ ಇಸವಿಯಲ್ಲಿ ಈ ಹುಚ್ಚು ತುದಿ ಮುಟ್ಟಿತು. ಬಳ್ಳಾರಿಯಲ್ಲಿ ಯಾವುದೋ ಹಳೆಯ ಸ್ಟುಡಿಯೋ ಬಾಗಿಲು ಹಾಕಿತೆಂದು ಹೋದವರು ಬಸ್ಸಿನ ಟಾಪಿನ ಮೇಲೆ ಒಂದು ಮರದ ಕ್ಯಾಮೆರಾ ಹೇರಿಕೊಂಡು ಬಂದರು. ಅದೇನು ಕ್ಯಾಮೆರಾವೋ, ತಿಜೋರಿಯೋ! ತೇಗದ ಮರ, ಮೂಲೆಮೂಲೆಗೂ ಹಿತ್ತಾಳೆ ಪಟ್ಟಿ, ಕೆಂಪು ಚರ್ಮದ ತಿದಿ, ಹಿಂದೆ ತಟ್ಟೆಯಗಲದ ಮಸುಕು ಗಾಜು. ನೋಡಲು ಚೆಂದವೇ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮುಂದೆ ಲೆನ್ಸ್ ಇರಬೇಕಾದ ಕಡೆ ಚೌಕಾಕಾರದ ದೊಡ್ಡ ತೂತು.

“ಇದರ ಲೆನ್ಸ್ ಎಲ್ರಿ?”

“ಇಲ್ಲ. ಹುಡುಕಬೇಕು.”

“ಕೂಸು ಹುಟ್ಟೋ ಮೊದ್ಲ ಕುಲಾವಿ ಹೊಲಿಸಿದಂಗಾತು” ಎಂದೆ. ಅವರಿಗೆ ಕೇಳಿಸಲಿಲ್ಲ. ಹಿತ್ತಾಳೆ ಪಟ್ಟಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನಾನು ಸಾರಿಗೆಂದು ನೆನೆಹಾಕಿದ್ದ ಹುಣಸೆಹಣ್ಣು.

ಆಮೇಲೆ ಹುಡುಕಾಟ. ಹುಬ್ಬಳ್ಳಿಯ ಗುಜರಿ, ದಾವಣಗೆರೆಯ ಹಳೇ ಪೇಟೆ, ಹರಪನಹಳ್ಳಿ, ಕೂಡ್ಲಿಗಿ, ಒಂದೂ ಬಿಡಲಿಲ್ಲ. ಸಿಕ್ಕ ಲೆನ್ಸುಗಳೆಲ್ಲ ಚಿಕ್ಕ ಕ್ಯಾಮೆರಾದವು. ಅವುಗಳ ಬೆಳಕು ಆ ದೊಡ್ಡ ಗಾಜಿನ ನಡುವೆ ವಡೆಯಷ್ಟಗಲ ಬೀಳುತ್ತಿತ್ತು, ಸುತ್ತ ಕತ್ತಲೆ. “ಇದಕ್ಕ ಇದರ ಕಾಲದ್ದೇ ಬೇಕು, ಹಿತ್ತಾಳಿದು, ದಪ್ಪನ್ದು” ಎಂದು ಕೈಯಲ್ಲಿ ಗಾಳಿಯನ್ನೇ ಹಿಡಿದು ತೋರಿಸುತ್ತಿದ್ದರು.

ಹೀಗಿರುವಾಗ ಹಿರೇಹಡಗಲಿಯಿಂದ ಒಂದು ಕರೆ ಬಂತು. ಎರ್ರಮ್ಮ ಎಂಬ ದೊಡ್ಡ ಸಂಸಾರದ ಯಜಮಾನಿಯ ಮನೆಯಲ್ಲಿ ಮೊಮ್ಮಗನ ತೊಟ್ಟಿಲು, ಫೋಟೋ ತೆಗೆಯಬೇಕು. ಇವರು ಯಾಷಿಕಾ ನೇತುಹಾಕಿಕೊಂಡು ಹೋದರು. ಸಂಜೆ ಬಂದವರ ಮುಖ ಜ್ವರ ಬಂದವರ ಹಾಗೆ ಕೆಂಪಗಿತ್ತು.

“ಸಿಕ್ತು” ಎಂದರು.

“ಏನು?”

“ಲೆನ್ಸು. ಅವರ ಮನಿ ಜಗಲಿ ಮ್ಯಾಲೆ ಕುಂತೈತಿ. ದೇವರಾಗಿ.”

ಜಗಲಿ ಎಂದರೆ ನಮ್ಮ ಕಡೆ ಮನೆಯೊಳಗಿನ ದೇವರ ಕಟ್ಟೆ. ಎರ್ರಮ್ಮನ ಜಗಲಿಯ ಮೇಲೆ ಉಚ್ಚಂಗೆಮ್ಮ, ಹುಲಿಗೆಮ್ಮ, ಮೈಲಾರಲಿಂಗರ ನಡುವೆ ಚೊಂಬಿನ ಗಾತ್ರದ ಹಿತ್ತಾಳೆ ಲೆನ್ಸ್ ಒಂದನ್ನು ಕೂರಿಸಿದ್ದರಂತೆ. ಮೈಗೆ ಅರಿಶಿನ ಕುಂಕುಮ, ಮೇಣದಿಂದ ಅಂಟಿಸಿದ ಎರಡು ಬೆಳ್ಳಿ ಕಣ್ಣು, ಕೊರಳಿಗೆ ಮಲ್ಲಿಗೆ ಸರ. ಹೆಸರು ಕಣ್ಣವ್ವ.

ಫಿಲಂ ತೊಳೆದು ನೋಡಿದರೆ ಇಡೀ ರೀಲಿನಲ್ಲಿ ಕೂಸಿನ ಫೋಟೋ ಒಂದೇ. ಉಳಿದದ್ದೆಲ್ಲ ಜಗಲಿ! ಎಡದಿಂದ ಜಗಲಿ, ಬಲದಿಂದ ಜಗಲಿ, ಹತ್ತಿರದಿಂದ ಜಗಲಿ. ತೊಟ್ಟಿಲು ತೂಗುವವರ ಕೈ ಒಂದರಲ್ಲಿ ಅಡ್ಡ ಬಂದಿತ್ತು, ಅಷ್ಟೇ.

ಆ ಫೋಟೋ ಕೊಡಲು ಅವರೊಬ್ಬರನ್ನೇ ಕಳಿಸಿದರೆ ಬೈಸಿಕೊಂಡು ಬರುತ್ತಾರೆಂದು ನಾನೂ ಹೊರಟೆ. ಎರ್ರಮ್ಮ ಬಾಗಿಲಲ್ಲೇ ಕೂತಿದ್ದಳು. ಸಣ್ಣ ಆಳು, ದೊಡ್ಡ ದನಿ, ಬಾಯಿ ತುಂಬ ಎಲೆ ಅಡಿಕೆ. ಫೋಟೋಗಳನ್ನು ಒಂದೊಂದಾಗಿ ಸೊಸೆ ತಿಪ್ಪೇರುದ್ರಮ್ಮನ ಕೈಗೆ ದಾಟಿಸಿದಳು. ಕೂಸಿನ ತಾಯಿ ತಿಪ್ಪೇರುದ್ರಮ್ಮ. ಅವಳ ಮುಖ ನೋಡನೋಡುತ್ತ ಗಡಿಗೆಯ ಹಾಗೆ ಊದಿತು.

“ಅತ್ತಿ, ನಾವು ಕೂಸಿನ್ನ ತೊಟ್ಲಾಗ ಹಾಕಿದ್ವೋ, ಕಣ್ಣವ್ವನ್ನೋ?”

ನಾನು ತಪ್ಪಾಯಿತೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಇವರು ನಡುವೆ ನುಗ್ಗಿದರು. “ಎರ್ರಮ್ಮವ್ವಾ, ಕೂಸಿನ ಫೋಟೋ ಎಷ್ಟ್ ಬೇಕೋ ಅಷ್ಟು ತೆಗಿತೀನಿ. ಆದ್ರ ಆ ಕಣ್ಣವ್ವ ಅದಾಳಲ್ಲ, ಆಕಿ ನನಗ ಬೇಕು.”

ಒಳಗೆ ರೊಟ್ಟಿ ತಟ್ಟುತ್ತಿದ್ದ ಸದ್ದು ನಿಂತಿತು. ಭೂಮಿ ಬಾಯಿ ಬಿಟ್ಟರೆ ಸಾಕೆಂದು ನನಗೆ ಅನಿಸಿತು. ಯಾರಾದರೂ ಇನ್ನೊಬ್ಬರ ಮನೆಯ ದೇವರನ್ನು ಉದ್ದು ಕಡಲೆ ಕೇಳಿದ ಹಾಗೆ ಕೇಳುತ್ತಾರೆಯೇ?

ಎರ್ರಮ್ಮ ಸಿಟ್ಟಾಗಲಿಲ್ಲ. ಎಲೆ ಅಡಿಕೆ ಉಗುಳಿ ಬಂದು ನಿಧಾನಕ್ಕೆ ಕೂತಳು. “ನೋಡ್ ತಮ್ಮಾ, ಅದು ಕ್ಯಾಮೆರಾದ ಕಣ್ಣು ಅಂಬೋದು ನಮಗ ಗೊತ್ತಿಲ್ಲಂತ ತಿಳಕಬ್ಯಾಡ. ನಮ್ಮ ಮಾವನ ಕಾಲದಾಗ ಊರ ಗುಡಿ ಚಿತ್ರ ತೆಗಿಯಾಕ ಒಬ್ಬ ದೊರಿ ಬಂದಿದ್ನಂತ. ಜ್ವರ ಬಂದು ಮಲಗಿದ. ನಮ್ಮತ್ತಿ ಗಂಜಿ ಕಾಸಿ ಹಾಕಿ ಉಳಿಸಿದ್ಲು. ಹೋಗೋವಾಗ ಇದನ್ನ ಅತ್ತಿ ಕೈಯಾಗ ಇಟ್ಟು ಕೈ ಮುಗುದ್ನಂತ. ಕೈ ಮುಗದು ಕೊಟ್ಟದ್ದನ್ನ ಎಲ್ಲಿಡಬೇಕು? ಜಗಲಿ ಮ್ಯಾಲೆ ಇಟ್ರು. ಊರಾಗ ಕಣ್ಣುಬ್ಯಾನಿ ಬಂದ್ರ ಇದರ ಮ್ಯಾಲೆ ನೀರು ಹಾಕಿ ಕಣ್ಣಿಗೆ ಹಚ್ಕೊಂತಾರ. ಕ್ಯಾಮೆರಾದ್ದಾದ್ರೂ ಕಣ್ಣು ಕಣ್ಣೇ ಅಲ್ಲೇನು?”

“ಹೌದವ್ವ” ಎಂದರು ಇವರು. ಈ ಮಾತನ್ನು ಇಷ್ಟು ಮನಸ್ಸಿಟ್ಟು ಒಪ್ಪುವ ಇನ್ನೊಬ್ಬ ಗಂಡಸು ಬಳ್ಳಾರಿ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

“ಕೊಡಾಕ ನಾನ್ಯಾರು, ಇಟ್ಕೊಳ್ಳಾಕ ನಾನ್ಯಾರು? ಆಕಿನ್ನೇ ಕೇಳಾಮು. ಹೂ ಹಚ್ತೀನಿ. ಬಲಕ್ಕ ಬಿದ್ರ ಕರಕೊಂಡು ಹೋಗು. ಎಡಕ್ಕ ಬಿದ್ರ ಮತ್ತ ಈ ಮನ್ಯಾಗ ಆ ಮಾತಿಗೆ ಬಾಯಿ ತೆಗೀಬ್ಯಾಡ.”

ಹೂ ಕೇಳುವುದು ನಮಗೆ ಹೊಸದೇನಲ್ಲ. ಮದುವೆಗೂ ಕೇಳುತ್ತೇವೆ, ಬಿತ್ತನೆಗೂ ಕೇಳುತ್ತೇವೆ. ಎರ್ರಮ್ಮ ಕೈಕಾಲು ತೊಳೆದು ಬಂದು ಎರಡು ಕಣಗಿಲೆ ಎಸಳುಗಳನ್ನು ನೀರಿನಲ್ಲಿ ಅದ್ದಿ ಕಣ್ಣವ್ವನ ಎಡಕ್ಕೊಂದು ಬಲಕ್ಕೊಂದು ಅಂಟಿಸಿದಳು. ಎಲ್ಲರೂ ಜಗಲಿಯ ಮುಂದೆ ಕೂತೆವು. ನಾನು ಮೊದಲ ಸಲ ಅವಳನ್ನು ಸರಿಯಾಗಿ ನೋಡಿದೆ. ಬೆಳ್ಳಿ ಕಣ್ಣುಗಳ ನಡುವೆ ಅವಳ ನಿಜವಾದ ಕಣ್ಣು, ಎಣ್ಣೆಯ ಜಿಡ್ಡು ಹಿಡಿದು ಮಬ್ಬಾಗಿದ್ದರೂ ಆಳದಲ್ಲಿ ದೀಪ ಮಿನುಗುತ್ತಿತ್ತು. ಪಕ್ಕಕ್ಕೆ ತಿರುಗಿದರೆ ನಮ್ಮವರು ಕೈ ಮುಗಿದು ಕೂತಿದ್ದರು. ಉಚ್ಚಂಗಿ ಗುಡ್ಡದ ಮೇಲೆ ಉಚ್ಚಂಗೆಮ್ಮನ ಮುಂದೆಯೂ ಅವರು ಹಾಗೆ ಕೈ ಮುಗಿದದ್ದನ್ನು ನಾನು ಕಂಡಿಲ್ಲ. ಆಗ ನನಗೇನಾಯಿತೋ, ತಾಯಿ, ಬಲಕ್ಕೆ ಬೀಳಿಸವ್ವ ಎಂದು ಒಳಗೊಳಗೇ ಬೇಡಿಕೊಂಡೆ.

ಎಡಗಡೆಯ ಎಸಳು ಮೆಲ್ಲಗೆ ಜಾರಿತು, ತಡೆಯಿತು, ಬಿತ್ತು.

“ಆತು ಬಿಡವ್ವ” ಎಂದು ಇವರು ನೆಲಕ್ಕೆ ಹಣೆ ಹಚ್ಚಿ ಎದ್ದರು. ಕೂಸಿನ ಫೋಟೋವನ್ನು ಚೆನ್ನಾಗಿ ಮತ್ತೊಮ್ಮೆ ತೆಗೆದುಕೊಟ್ಟರು. ತಿಪ್ಪೇರುದ್ರಮ್ಮನ ಮುಖದ ಗಡಿಗೆ ಇಳಿಯಿತು. ಎರ್ರಮ್ಮ ನಮಗೆ ರೊಟ್ಟಿ, ಹೆಸರುಕಾಳು ಬಡಿಸಿ, ಇವರ ತಟ್ಟೆಗೆ ಬೆಣ್ಣೆ ಹಾಕುವಾಗ ಕಣ್ಣು ತಪ್ಪಿಸುತ್ತಿದ್ದಳು.

ಮುಂದಿನ ಭಾನುವಾರ ಚಾಪೆ ಹಾಸಲಿಲ್ಲ. ಅದರ ಮುಂದಿನದೂ ಇಲ್ಲ. ಕ್ಯಾಮೆರಾಗಳ ಮೇಲೆ ಧೂಳು ಕೂತಿತು. ಮನೆಯಲ್ಲಿ ಕಟ್ ಎಂಬ ಸದ್ದೇ ಇಲ್ಲ. ಯಾವ ಭಾನುವಾರಗಳನ್ನು ಶಪಿಸುತ್ತಿದ್ದೆನೋ ಅವೇ ನನಗೆ ಬೇಕೆನಿಸತೊಡಗಿದವು. ಸಾರಿಗೆ ಉಪ್ಪು ಹಾಕದೆ ಬಡಿಸಿ ನೋಡಿದೆ, ಸುಮ್ಮನೆ ಉಂಡರು. ಅದು ಮೊದಲೂ ಹಾಗೇ, ಆದರೆ ಈ ಸಲ ನನಗೆ ಅಳು ಬಂತು.

ಅಳುವುದರಿಂದ ಏನೂ ಆಗುವುದಿಲ್ಲವೆಂದು ಮರುದಿನ ಬೆಳಗ್ಗೆ ಅಂಗಳ ಗುಡಿಸುವಾಗ ಯೋಚನೆ ಮಾಡಿದೆ. ಮಾಡುತ್ತ ಮಾಡುತ್ತ ಪೊರಕೆ ಅಲ್ಲೇ ಬಿಟ್ಟು ಒಳಗೆ ಬಂದೆ.

“ಏನ್ರಿ, ಆಕಿ ಏನಂದ್ಲು? ಬರಂಗಿಲ್ಲ ಅಂದ್ಲು. ನೀವು ಬರಬ್ಯಾಡ್ರಿ ಅಂದ್ಲೇನು?”

“ಅಂದ್ರ?”

“ದೇವರು ಅಲ್ಲೈತಿ, ಗುಡಿ ಇಲ್ಲೈತಿ, ಈ ಮರದ ಕ್ಯಾಮೆರಾ. ದೇವರು ಗುಡಿಗೆ ಬರಲಿಲ್ಲಂದ್ರ ಗುಡೀನ ದೇವರ ಕಡಿಗೆ ಹೊತ್ಕೊಂಡು ಹೋಗಾಮು. ಒಂದ್ಸಲ ಕೂರಿಸಿ, ಕಣ್ಣು ತುಂಬ ನೋಡ್ಕೊಂಡು ಬರ್ರಿ.”

ಅವರು ನನ್ನನ್ನೇ ನೋಡಿದರು. ಮದುವೆಯಲ್ಲಿ ಅಂತರಪಟ ಸರಿದಾಗಲೂ ಹಾಗೆ ನೋಡಿರಲಿಲ್ಲ. ಆಮೇಲೆ ಮೆಟ್ಟು ಹಾಕಿಕೊಳ್ಳುವುದನ್ನೂ ಮರೆತು ಬಡಗಿ ಮಾರಣ್ಣನ ಮನೆಗೆ ಓಡಿದರು. ಲೆನ್ಸ್ ಕೂರುವ ಹಲಗೆ ಮಾಡಿಸಬೇಕಿತ್ತು.

“ಅಳತಿ ಏನಂತ ಕೊಡ್ತೀರಿ?” ಎಂದು ಹಿಂದಿನಿಂದ ಕೂಗಿದೆ.

ಕೊರಳಿನ ತಾಯತದ ದಾರ ಎಳೆದು ತೋರಿಸಿದರು. ಅದರಲ್ಲೊಂದು ಗಂಟು. ತೊಟ್ಟಿಲಿನ ದಿನವೇ ಕಣ್ಣವ್ವನ ಸೊಂಟದ ಸುತ್ತ ಆ ದಾರ ಸುತ್ತಿ ಅಳತೆ ಹಿಡಿದಿದ್ದರಂತೆ! ಕಳ್ಳ ಎಂದು ಬೈದೆ, ಬೈಯುತ್ತಲೇ ನಕ್ಕೆ.

ಹಗರಿಬೊಮ್ಮನಹಳ್ಳಿ, ಹಡಗಲಿ ಎಂದು ಬಸ್ಸಿನಿಂದ ಬಸ್ಸಿಗೆ ಆ ಗುಡಿಯನ್ನು ಹತ್ತಿಸಿ ಇಳಿಸಿ ಹಿರೇಹಡಗಲಿ ಮುಟ್ಟುವುದರೊಳಗೆ ಇಬ್ಬರ ಬೆನ್ನೂ ಬಾಗಿತ್ತು. ನಮ್ಮನ್ನು ಕಂಡದ್ದೇ ಎರ್ರಮ್ಮ ಸೊಂಟದ ಮೇಲೆ ಕೈ ಇಟ್ಟಳು.

“ಆ ಮಾತಿಗೆ ಬಾಯಿ ತೆಗೀಬ್ಯಾಡ ಅಂದಿದ್ನಲ್ಲೋ ತಮ್ಮಾ?”

“ಅವರು ತೆಗಿಯಂಗಿಲ್ಲವ್ವ, ನಾ ತೆಗಿತೀನಿ” ಎಂದು ನಾನು ಮುಂದಾದೆ. “ಆಕಿನ್ನ ಕರಕೊಂಡು ಹೋಗಾಕ ಬಂದಿಲ್ಲ. ಆಕಿಗೆ ಗುಡಿ ತಂದೀವಿ. ನಿಮ್ಮ ಅಂಗಳದಾಗೇ ಒಂದೀಟು ಹೊತ್ತು ಕೂರಿಸಿ, ಮತ್ತ ನಿಮ್ಮ ಜಗಲಿಗೆ ಇಟ್ಟು ಹೋಗ್ತೀವಿ.”

ಎರ್ರಮ್ಮ ಕ್ಯಾಮೆರಾದ ಸುತ್ತ ಒಂದು ಸುತ್ತು ಬಂದಳು. ತೇಗದ ಮೇಲೆ ಕೈಯಾಡಿಸಿದಳು, ಕೆಂಪು ತಿದಿಯನ್ನು ಬೆರಳಿನಿಂದ ಒತ್ತಿದಳು. “ಗುಡಿ ಚಲೋ ಐತಿ. ನಮ್ಮ ಜಗಲಿಕ್ಕಿಂತ ಚಲೋ ಐತಿ” ಎಂದಳು. ಅವಳ ದನಿಯಲ್ಲಿ ಒಂಚೂರು ಹೊಟ್ಟೆಕಿಚ್ಚೂ ಇತ್ತು.

ಇವರು ಹಿತ್ತಲಿಗೆ ಹೋಗಿ ತಣ್ಣೀರು ಸುರಿದುಕೊಂಡು ಬಂದರು. ಎರ್ರಮ್ಮ ತಾನೇ ಕಣ್ಣವ್ವನನ್ನು ಎತ್ತಿ ಅವರ ಕೈಗೆ ಕೊಟ್ಟಳು. ಬೆಳ್ಳಿ ಕಣ್ಣು ಬಿಡಿಸಿ ಒಂದು ವೀಳ್ಯದೆಲೆಯ ಮೇಲೆ ಇಟ್ಟದ್ದಾಯಿತು. ಹಿತ್ತಾಳೆಯ ಸುತ್ತನ್ನು ತಿರುಪಿ ಗಾಜು ಬಿಚ್ಚಿದಾಗ ಹೆಂಗಸರೆಲ್ಲ “ಅಯ್ಯಯ್ಯೋ” ಎಂದರು. ಹಳೆಯ ಪಂಚೆಯ ತುಂಡಿನಿಂದ ಇವರು ಉಸಿರು ಬಿಗಿಹಿಡಿದು ಒರೆಸಿದರು. ಎಷ್ಟೋ ವರ್ಷದ ಎಣ್ಣೆ, ಕುಂಕುಮ, ಧೂಪದ ಹೊಗೆ ಬಟ್ಟೆಗಿಳಿಯಿತು. ಅಡಿಯಲ್ಲಿದ್ದ ಗಾಜು ಬಾವಿಯ ನೀರಿನಷ್ಟು ತಿಳಿ. ಎಲ್ಲವನ್ನೂ ಮೊದಲಿನಂತೆ ಜೋಡಿಸಿ, ಮಾರಣ್ಣನ ಹಲಗೆಯ ತೂತಿಗೆ ಕೂರಿಸಿದರೆ ಅಳೆದು ಮಾಡಿದ ಬಳೆಯಂತೆ ಕೂತಿತು. ಅಳೆದೇ ಮಾಡಿದ್ದರಲ್ಲ, ನಮ್ಮ ಕಳ್ಳರು!

ಮನೆಮಂದಿಯೆಲ್ಲ ಬೇವಿನ ಮರದ ಕೆಳಗೆ ನಿಂತರು. ಇವರು ಕರಿ ಬಟ್ಟೆ ಹೊದ್ದು ಹಿಂದಿನ ಗಾಜಿಗೆ ಕಣ್ಣಿಟ್ಟರು. ಬಹಳ ಹೊತ್ತಾಯಿತು, ಹೊರಗೆ ಬರಲೇ ಇಲ್ಲ.

“ಒಳಗ ನಿದ್ದಿ ಹತ್ತೇತೇನು ಅವಗ?” ಎಂದಳು ತಿಪ್ಪೇರುದ್ರಮ್ಮ.

ಬಟ್ಟೆ ಸರಿಸಿ ಬಂದಾಗ ಅವರ ಕೆನ್ನೆ ಒದ್ದೆಯಾಗಿತ್ತು. ನನ್ನನ್ನು ಕರೆಯುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. “ಎರ್ರಮ್ಮವ್ವಾ, ನೀವು ನೋಡ್ರಿ ಮೊದ್ಲ” ಎಂದರು. ನನಗೆ ಚುರ್ರೆಂದಿತು. ಆದರೂ ಅದೇ ಸರಿ ಎಂದು ಆ ಕ್ಷಣದಲ್ಲೇ ಗೊತ್ತಾಯಿತು.

ಎರ್ರಮ್ಮ ಬಟ್ಟೆಯೊಳಗೆ ತಲೆ ತೂರಿಸಿದಳು. ಆಮೇಲೆ ಬಟ್ಟೆ ಕುಲುಕತೊಡಗಿತು. ಒಳಗಿನಿಂದ ನಗು. ಕೇಕೆ ಹಾಕುವ ನಗು.

“ಅಯ್ಯ ನನ ಕರ್ಮ! ಎಲ್ಲಾರೂ ತಲಿಕೆಳಗ ನಿಂತೀರಲ್ರೇ! ಬೇವಿನ ಗಿಡ ಕೆಳಾಕ, ನಿಮ್ಮ ಕಾಲು ಮ್ಯಾಕ! ಕಣ್ಣವ್ವಗ ನಾವು ಹಿಂಗ ಕಾಣ್ತೀವೇನು? ಅದಕ್ಕ ನೋಡು, ನಾವು ಕೇಳೋದೊಂದು, ಈಕಿ ಕೊಡೋದೊಂದು! ಮಳಿ ಕೇಳಿದ್ರ ಬಿಸ್ಲು, ಗಂಡು ಕೇಳಿದ್ರ ಹೆಣ್ಣು!”

ಇಡೀ ಅಂಗಳ ನಕ್ಕಿತು. ಇವರು ಮಾತ್ರ ಗಂಭೀರವಾಗಿ, “ಹಳೇ ಲೆನ್ಸಿನ್ಯಾಗ ನಡುವಿನವರು ಚೊಕ್ಕ ಕಾಣ್ತಾರ, ಅಂಚಿನವರು ಸ್ವಲ್ಪ ಸುತ್ತಿದಂಗ ಕಾಣ್ತಾರ” ಎಂದು ಯಾರೂ ಕೇಳದ ವಿವರ ಕೊಡುತ್ತಿದ್ದರು.

ಬಟ್ಟೆಯೊಳಗಿನ ನಗು ತಟ್ಟನೆ ನಿಂತಿತು.

“ತಿಪ್ಪೇರುದ್ರಿ, ಬಲಗೈ ಎತ್ತು” ಎಂದು ಎರ್ರಮ್ಮನ ದನಿ.

ತಿಪ್ಪೇರುದ್ರಮ್ಮ ಕೂಸನ್ನು ಎಡಗಡೆಗೆ ಎತ್ತಿಕೊಂಡು ಬಲಗೈ ಎತ್ತಿದಳು.

“ಇಳಿಸು. ಮತ್ತೆತ್ತು. ಈಗ ನೀ ಒಂದು ಹೆಜ್ಜಿ ನಿನ್ನ ಬಲಕ್ಕ ಸರಿ.”

ಸರಿದಳು. ಎರ್ರಮ್ಮ ಬಟ್ಟೆ ಕಿತ್ತೆಸೆದು ಹೊರಗೆ ಬಂದಳು. ಕೂದಲೆಲ್ಲ ಕೆದರಿ, ಕುಂಕುಮ ಮೂಗಿಗೆ ಇಳಿದಿತ್ತು. ಮತ್ತೆ ಒಳಗೆ ತಲೆ ಹಾಕಿದಳು, ಮತ್ತೆ ಹೊರಗೆ ಬಂದು ಸೊಸೆಯನ್ನು ನೋಡಿದಳು.

“ತಮ್ಮಾ, ಇದರಾಗ ಬರೇ ತಲಿಕೆಳಗಲ್ಲ. ಆಚಿಗಿದ್ದವರು ಈಚಿಗಿ ಅದಾರ. ಎಡ ಬಲ ಆಗೈತಿ, ಬಲ ಎಡ ಆಗೈತಿ.”

“ಹೌದವ್ವ. ಎಲ್ಲಾ ಲೆನ್ಸಿನ್ಯಾಗೂ ಹಂಗೇ.”

“ಹಂಗಾರ ನಮ್ಮ ಎಡ ಅಂದ್ರ ಈಕಿಗೆ ಬಲ.”

ಎರ್ರಮ್ಮ ಒಳಗಿನ ಜಗಲಿಯ ಕಡೆ ಕೈ ತೋರಿಸಿದಳು.

“ಅವತ್ತು ಹೂ ಎಡಕ್ಕ ಬಿತ್ತಲ್ಲ, ಆಕಿ ಹೂಂ ಅಂದಿದ್ಲು! ಹೋಗ್ತೀನಿ ಅಂದಿದ್ಲು! ತಿಳೀಲಾರದ ನಾನೇ ಹಿಡ್ಕೊಂಡು ಕುಂತಿದ್ದೆ!”

ನಮ್ಮವರ ಬಾಯಿ ತೆರೆಯಿತು. ಸತ್ಯ ಹೇಳುವ ಚಟ ಅವರದು. “ಎರ್ರಮ್ಮವ್ವಾ, ಅದು ಗಾಜಿನ ಗುಣ ಅಷ್ಟೇ...” ಎಂದು ಶುರು ಮಾಡಿದರು. ನಾನು ಬೆನ್ನಿಗೆ ಚಿವುಟಿದೆ, ಚರ್ಮ ಕಿತ್ತು ಬರುವ ಹಾಗೆ. ಆದರೆ ಎರ್ರಮ್ಮನಿಗೆ ಕೇಳಿಸಿತ್ತು.

“ಗಾಜಿನ ಗುಣ ಅಂತಾನ. ಕಣ್ಣವ್ವ ಅಂದ್ರ ಗಾಜೇ ಅಲ್ಲೇನೋ ಹುಚ್ಚಪ್ಪಾ?”

“ಊರಿನ ಕಣ್ಣುಬ್ಯಾನಿ ಮಂದಿ ಏನ್ ಮಾಡಬೇಕ್ರಿ ಅತ್ತಿ?” ಎಂದಳು ತಿಪ್ಪೇರುದ್ರಮ್ಮ.

“ಅವರಿಗೆ ಹಡಗಲ್ಯಾಗ ದವಾಖಾನಿ ಐತಿ” ಎಂದು ಎರ್ರಮ್ಮ ನಮ್ಮವರ ಕಡೆ ಗದ್ದ ತೋರಿಸಿದಳು. “ಇವನ ಬ್ಯಾನಿಗೆ ಎಲ್ಲೈತಿ ದವಾಖಾನಿ?”

ಆಗ ನನಗೆ ಅರ್ಥವಾಯಿತು. ಕೊಡುವ ಮನಸ್ಸು ಅವಳಿಗೆ ಬೆಣ್ಣೆ ಬಡಿಸಿದ ದಿನವೇ ಇತ್ತು. ದೇವರ ಅಪ್ಪಣೆ ಇಲ್ಲದೆ ಕೊಡುವಂತಿರಲಿಲ್ಲ, ಅಷ್ಟೇ. ಈಗ ಅಪ್ಪಣೆಯನ್ನು ಅವಳು ತನ್ನ ಕಣ್ಣಾರೆ ಕಂಡಿದ್ದಳು.

ಮೊದಲು ಫೋಟೋ ಆಯಿತು. ನಡುವೆ ಎರ್ರಮ್ಮ, ಸುತ್ತ ಮಕ್ಕಳು, ಸೊಸೆಯರು, ಮೊಮ್ಮಕ್ಕಳು. ಇವರು ಹಿಂದಿನ ಗಾಜಿನ ಜಾಗದಲ್ಲಿ ಫಿಲಂ ಇಟ್ಟು, ಲೆನ್ಸಿಗೆ ಮುಚ್ಚಿದ್ದ ಬಟ್ಟೆ ಸರಿಸಿ ಬಾಯಲ್ಲೇ ಎಣಿಸಿ ಮತ್ತೆ ಮುಚ್ಚಿದರು. ಎರ್ರಮ್ಮ ರೆಪ್ಪೆ ಮಿಟುಕಿಸಲಿಲ್ಲ. “ಇಷ್ಟು ವರ್ಷ ನಾವು ಆಕಿನ್ನ ನೋಡಿದ್ವಿ. ಇವತ್ತು ಆಕಿ ನಮ್ಮನ್ನ ನೋಡಿದ್ಲು” ಎಂದು ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಣ್ಣವ್ವನನ್ನು ಕಳಿಸಿದ್ದು ಮನೆಮಗಳನ್ನು ಕಳಿಸಿದ ಹಾಗೆ. ಹಲಗೆಯಿಂದ ಬಿಡಿಸಿ, ಮತ್ತೆ ಅರಿಶಿನ ಹಚ್ಚಿ, ಹೂ ಮುಡಿಸಿ, ನನ್ನನ್ನು ಪೂರ್ವಕ್ಕೆ ಮುಖ ಮಾಡಿ ಕೂರಿಸಿದರು. ಸೆರಗು ಒಡ್ಡಿದೆ. ಅಕ್ಕಿ, ಕೊಬ್ಬರಿ ಗಿಟಕು, ಉತ್ತುತ್ತಿ, ಕುಪ್ಪಸದ ಕಣ ಹಾಕಿ ಉಡಿ ತುಂಬಿದರು. ಕೊನೆಗೆ ಎರ್ರಮ್ಮ ಕಣ್ಣವ್ವನನ್ನು ಎತ್ತಿ ನನ್ನ ಉಡಿಯೊಳಗೆ ಅಕ್ಕಿಯ ಮೇಲೆ ಕೂರಿಸಿದಳು. “ವರ್ಷಕ್ಕೊಮ್ಮಿ ತವರಿಗೆ ಕರಕೊಂಡು ಬಾ ತಂಗಿ. ಬರೇ ಕುಂದ್ರಿಸಬ್ಯಾಡ್ರಿ, ದುಡೀಲಿ. ಮಂದಿ ಮಕ ನೋಡ್ಲಿ” ಎಂದಳು. ನಾನೂ ಅತ್ತೆ, ಅವಳೂ ಅತ್ತಳು. ಫೋಟೋ ಸ್ಟುಡಿಯೋದವರ ಹೆಂಡತಿ ಒಂದು ಲೆನ್ಸಿಗಾಗಿ ಅಳುವ ಕಾಲ ಬರುತ್ತದೆಂದು ಯಾರಾದರೂ ಹೇಳಿದ್ದರೆ ಅವರ ಬಾಯಿಗೆ ಬೂದಿ ಹಾಕುತ್ತಿದ್ದೆ.

ಸಂಜೆಯ ಬಸ್ಸು. ಕ್ಯಾಮೆರಾ ಟಾಪಿನ ಮೇಲೆ, ಕಣ್ಣವ್ವ ನನ್ನ ಉಡಿಯಲ್ಲಿ, ಪಕ್ಕದಲ್ಲಿ ಇವರು ಕೂತಲ್ಲಿ ಕೂರದೆ ಒದ್ದಾಡುತ್ತಿದ್ದರು.

“ಕನಕಾ, ಒಂದೀಟು ಕೊಡು. ಅಂಚಿನಾಗ ಅಕ್ಷರ ಕೊರದಾರ, ಓದಿ ಕೊಡ್ತೀನಿ.”

“ಎರ್ರಮ್ಮ ನಿಮ್ಮ ಕೈಯಾಗ ಕೊಟ್ಟಾಳೇನು? ನನ್ನ ಉಡಿಯಾಗ ಹಾಕ್ಯಾಳ. ಮನಿ ಮುಟ್ಟೋತನಕ ಮುಟ್ಟಂಗಿಲ್ಲ.”

ಹಡಗಲಿ ದಾರಿಯಲ್ಲಿ ಜೋಳದ ಹೊಲಗಳ ಮೇಲೆ ಬಿಸಿಲು ಹಳದಿಯಾಗಿ ಮಲಗಿತ್ತು. ಸ್ವಲ್ಪ ಹೊತ್ತಿಗೆ ಅವರು ಎದ್ದು ನಿಂತರು. ಮದುವೆಯಾದಂದಿನಿಂದ ಯಾವ ಬಸ್ಸಿನಲ್ಲೂ ನನಗೆ ಬಿಟ್ಟುಕೊಡದ ಕಿಟಕಿಯ ಸೀಟು ಅದು.

“ಈ ಕಡಿ ಬಾ” ಎಂದರು. “ಆಕಿ ಹೊರಗ ನೋಡ್ಲಿ.”

ನಾನು ಕಿಟಕಿಯ ಪಕ್ಕಕ್ಕೆ ಸರಿದು ಕೂತೆ. ಸೆರಗಿನ ಅಂಚು ಸರಿಸಿ, ಕಣ್ಣವ್ವನ ಮುಖವನ್ನು ಹೊಲಗಳ ಕಡೆ ತಿರುಗಿಸಿ ಹಿಡಿದೆ.